ಸವೆದ ಜಾಗ

ಮೂರು ಸಲ ತಪ್ಪು ಹೇಳಿದೆ ನಾನು.
ಮೊದಲು ಪ್ಲಗ್ಗು ಅಂದೆ, ನಾಲ್ಕನ್ನೂ ಬದಲಿಸಿದೆ.
ಆಮೇಲೆ ಪೆಟ್ರೋಲ್ ಪಂಪು ಅಂದೆ; ಅದಕ್ಕೂ ಕಾಸು ಕೊಟ್ಟಳು.
ಮೂರನೆಯ ಸಲ ಬಾನೆಟ್ಟಿನಡಿ ತಲೆ ಹುಗಿದು
ರಬ್ಬರ್ ಕೊಳವೆಯಲ್ಲಿ ಬಿರುಕು ಹುಡುಕಿದೆ;
ಸಿಕ್ಕಿತು, ಎಳ್ಳಿನಷ್ಟು.
ಗೆದ್ದವನ ಹಾಗೆ ಹಲ್ಲು ಕಿರಿದೆ.

ನಾಲ್ಕೇ ದಿನ. ಮತ್ತೆ ಬಂದಳು ಗೆನೊವೈಟೆ,
ಖಾರಿಯ ಆಚೆ ದಡದಿಂದ,
ಹಿಂದಿನ ಸೀಟಿನಲ್ಲಿ ಹೊಗೆಮೀನಿನ ಪೆಟ್ಟಿಗೆ,
ಮುಖದಲ್ಲಿ ಬೈಗುಳವಿಲ್ಲ.
ಬೈದಿದ್ದರೆ ಹಗುರಾಗುತ್ತಿತ್ತು.

"ಓಡುವಾಗ ಕುದುರೆ. ನಿಂತಾಗ ಕೆಮ್ಮು.
ನಿಂತಾಗ ಮಾತ್ರ," ಅಂದಳು.

ಈ ಮಾತನ್ನು ಮೂರು ಸಲವೂ ಹೇಳಿದ್ದಳು.
ನಾನು ಕೇಳಿಸಿಕೊಂಡಿರಲಿಲ್ಲ.

ಓಪೆಲ್ ರೆಕಾರ್ಡ್, ಎಂಬತ್ತೈದರದ್ದು.
ಹೊಸ ಕಾರಾದರೆ ಕೇಬಲ್ ಚುಚ್ಚಿದರೆ ಸಾಕು,
ತನ್ನ ರೋಗ ತಾನೇ ಒದರುತ್ತದೆ.
ಇದು ಹಳೆಯ ತಲೆಮಾರು, ನೋವೆಲ್ಲಿ ಅಂದರೆ
ಏನಿಲ್ಲ ಬಿಡು ಅನ್ನುವ ಜಾತಿ.

ಏರ್ ಫಿಲ್ಟರಿನ ಪಕ್ಕ ಒಂದು ಅಲ್ಯೂಮಿನಿಯಂ ಡಬ್ಬಿ.
ಒಳಗೊಂದು ರೆಪ್ಪೆ.
ಎಂಜಿನ್ ಉಸಿರೆಳೆದಷ್ಟು ತೆರೆಯುತ್ತದೆ,
ಎಷ್ಟು ಗಾಳಿ ಹೋಯಿತೆಂದು ಲೆಕ್ಕ ಒಪ್ಪಿಸುತ್ತದೆ,
ಆ ಲೆಕ್ಕ ನೋಡಿ ಪೆಟ್ರೋಲು ಬಡಿಸುವುದು.
ಲೆಕ್ಕ ತಪ್ಪಿದರೆ ಊಟ ತಪ್ಪಿತು.

ಹಳೆಯ ಮುಳ್ಳಿನ ಮೀಟರ್ ತೆಗೆದೆ.
ಅಂಕಿ ಕುಣಿಸುವ ಹೊಸದು ಬೇಡ,
ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಸುಳ್ಳು ದಾಟಿರುತ್ತದೆ;
ಮುಳ್ಳು ನಡುಗಿದರೆ ಕಾಣುತ್ತದೆ.
ಬೆರಳ ತುದಿಯಿಂದ ರೆಪ್ಪೆಯನ್ನು ದೂಡಿದೆ.
ಮುಳ್ಳು ಏರಿತು, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ.
ಹಿಂದಕ್ಕೆ ಬಿಟ್ಟೆ. ಇಳಿಯಿತು, ಇಳಿಯಿತು,
ಇನ್ನೇನು ಮುಚ್ಚಬೇಕು,
ಧೊಪ್ಪನೆ ಬಿತ್ತು. ಸೊನ್ನೆ.
ಮತ್ತೊಮ್ಮೆ. ಅಲ್ಲೇ.
ಮತ್ತೊಮ್ಮೆ. ಅಲ್ಲೇ.

ಕರಿಯ ಮುಚ್ಚಳದ ಅಂಟನ್ನು ಬ್ಲೇಡಿನಿಂದ ಸೀಳಿದೆ.
ಒಳಗೆ ಕಾಡಿಗೆಯ ಕಮಾನು,
ಅದರ ಮೇಲೆ ಸರಿದಾಡುವ ತಂತಿಬೆರಳು.
ಕಮಾನಿಡೀ ಮಿರಮಿರ, ಈ ತುದಿಯಲ್ಲಿ ಮಾತ್ರ
ಬೆಳ್ಳಗೆ ಸವೆದ ಗೆರೆ.
ಬಾವಿಕಟ್ಟೆಯ ಕಲ್ಲಿಗೆ ಹಗ್ಗ ಮಾಡುವುದನ್ನು
ಇಲ್ಲಿ ಕಾಯುವಿಕೆ ಮಾಡಿತ್ತು.

"ಎಂಜಿನ್ ಆರಿಸದೆ ಇಷ್ಟು ಹೊತ್ತು ಎಲ್ಲಿ ನಿಲ್ತೀಯ?"
ಕ್ಲೈಪೇದಾದ ಫೆರಿ ಸಾಲು ಅಂದಳು. ಚಳಿ ಅಂದಳು.
ಫೆರಿಗೆ ಅರ್ಧ ಗಂಟೆ. ಅಷ್ಟಕ್ಕೆ ಹೀಗೆ ಸವೆಯುವುದಿಲ್ಲ.
ನಾನು ಸುಮ್ಮನಿದ್ದೆ. ಮುಳ್ಳಿನ ಮೀಟರ್ ಇನ್ನೂ ಕೈಯಲ್ಲಿತ್ತು.

ಆಗ ಹೇಳಿದಳು.
ಶುಕ್ರವಾರ ಸಂಜೆ, ತಂಗಿಯ ಕಟ್ಟಡದ ಎದುರು.
ಮೂರನೆಯ ಮಹಡಿ, ಹಸಿರು ಪರದೆ.
ಹನ್ನೊಂದು ವರ್ಷದಿಂದ ಮಾತಿಲ್ಲ,
ಅಮ್ಮನ ಹೊಲಿಗೆ ಯಂತ್ರ ಯಾರಿಗೆಂದು.
"ಎಂಜಿನ್ ಆರಿಸಿದರೆ ಬಂದ ಹಾಗಾಯ್ತಲ್ಲ.
ಆರಿಸದಿದ್ದರೆ ಸುಮ್ಮನೆ ಹಾದು ಹೋಗ್ತಿದ್ದೀನಿ ಅಷ್ಟೆ."

ಹೋದ ಶುಕ್ರವಾರ ತಾನಾಗಿ ಆರಿತು.
ಏನು ಮಾಡಿದರೂ ಏಳಲಿಲ್ಲ.
ಪರದೆ ಸರಿಯಿತು. ಮೆಟ್ಟಿಲ ದೀಪ ಹತ್ತಿತು,
ಒಂದೊಂದೇ ಮಹಡಿ ಕೆಳಕ್ಕೆ.
ಮನೆಚಪ್ಪಲಿಯಲ್ಲೇ ಬಂದಳಂತೆ ಎಲ್ವೀರಾ, ಹಿಮದಲ್ಲಿ,
ಕಿಟಕಿ ತಟ್ಟಿದಳಂತೆ:
"ಈ ಡಬ್ಬ ಇನ್ನೂ ಮಾರಿಲ್ವಾ?"

ಸ್ಕ್ರೂಡ್ರೈವರ್ ಕೆಳಗಿಟ್ಟೆ.
"ಹೀಗೇ ಬಿಟ್ಟುಬಿಡಲಾ?"
ತಮಾಷೆಗೆ ಕೇಳಿದ್ದು; ಪೂರ್ತಿ ತಮಾಷೆಯಲ್ಲ.

"ಸರಿಮಾಡು," ಅಂದಳು.
"ಆರಿಸೋದು ನಾನೇ ಕಲೀತೀನಿ."

ತಂತಿಬೆರಳನ್ನು ಉಗುರಿನ ದಪ್ಪದಷ್ಟು ಬಗ್ಗಿಸಿದೆ,
ಹಳೆಯ ಗೆರೆಯ ಪಕ್ಕಕ್ಕೆ, ಸವೆಯದ ಕಾಡಿಗೆಯ ಮೇಲೆ.
ಹೊಸದು ಹಾಕಲಿಲ್ಲ; ಸಿಗುವುದೂ ಇಲ್ಲ.
ಅಂಟು ಹಚ್ಚಿ, ಮುಚ್ಚಿ, ಕೀಲಿ ತಿರುಗಿಸಿದೆ.
ನಿಂತಲ್ಲೇ ನಿಂತು ಉಸಿರಾಡಿತು, ಎಡವದೆ.

ದುಡ್ಡು ತೆಗೆದುಕೊಳ್ಳಲಿಲ್ಲ, ಮೂರು ತಪ್ಪಿನ ಬಾಕಿ ಇತ್ತು.
ಪತ್ರಿಕೆಯಲ್ಲಿ ಸುತ್ತಿ ಮೀನು ಕೊಟ್ಟಳು.
ಗೇಟಿನ ಹತ್ತಿರ ಕಾರು ನಿಂತಿತು. ಸದ್ದಿಲ್ಲ.
ಎದೆ ಧಸಕ್ಕೆಂದು ಓಡಿದೆ.
ಇಲ್ಲ, ಆರಿಸಿ ನೋಡುತ್ತಿದ್ದಳು.
ಮತ್ತೆ ಹಚ್ಚಿದಳು. ಮತ್ತೆ ಆರಿಸಿದಳು.